ಎಡಗಾಲು ಬಲಗಾಲು ಆಮೇಲೆ, ಮೊದಲು ತೊಡೆ ಹಿಂದೆ ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕ್ರೀಡಾ ಪುಟದಲ್ಲಿ ಯಾವಾಗ ನೋಡಿದ್ರೂ ಇಂಥ ಪ್ಲೇಯರ್ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು) ಇಂಜುರಿಯಿಂದ ಔಟ್ ಅಂತ ಒಂದು ಸಾಲು ಇದ್ದೇ ಇರತ್ತೆ, ಅದು ಯಾಕೆ ಆಗತ್ತೆ ಅಂತ ಮಾತ್ರ ಬರಲ್ಲ, ಅದಕ್ಕೇ ಈ ಪತ್ರ. ನನ್ನ ಮಗ ಫುಟ್‌ಬಾಲಲ್ಲಿ ಅಂಡರ್ 15 ವಿಂಗರ್, ಅಂದ್ರೆ ಮೈದಾನದ ಅಂಚಿಂದ ದಾಳಿ ಮಾಡೋನು, ಬೆಂಗಳೂರಲ್ಲೇ ಒಂದು ಅಕಾಡೆಮಿಗೆ ಹೋಗ್ತಾನೆ. ಅಲ್ಲಿ ಕಾಲಿನ ಬ್ಯಾಲೆನ್ಸ್ ಅಂದ್ರೆ ಒಂದೇ ಅರ್ಥ, ಎಡಗಾಲಲ್ಲೂ ಒದೆಯೋದು ಕಲಿ ಅಂತ. ತೊಡೆ ಹಿಂದೆ ಹಿಡ್ಕೊಳ್ತು ಅಂದ್ರೆ ಸ್ಪ್ರೇ ಹೊಡೆದು ಮತ್ತೆ ಗ್ರೌಂಡಿಗೆ ಬಿಡ್ತಾರೆ.

ಎರಡೂ ಕಾಲಲ್ಲಿ ಒದೆಯೋದೇ ಸಾಕಾಗಿದ್ರೆ ಫ್ರಾನ್ಸಿನ ಆಟಗಾರ ಡೆಂಬೆಲೆಗೆ ಏನೂ ಆಗ್ಬಾರದಿತ್ತು. ಯಾವುದು ಅವನ ಸ್ಟ್ರಾಂಗ್ ಕಾಲು ಅಂತ ಡಿಫೆಂಡರ್‌ಗಳಿಗೇ ಗೊತ್ತಾಗಲ್ಲ, ಅಂಥವನು 2017ರಲ್ಲಿ ಬಾರ್ಸಿಲೋನಾಗೆ ಬಂದು ಕೆಲವೇ ವಾರಕ್ಕೆ ಗೆಟಾಫೆ ಟೀಮ್ ಮೇಲಿನ ಮ್ಯಾಚಲ್ಲಿ ಹಿಮ್ಮಡಿಯಿಂದ ಒಂದು ಬ್ಯಾಕ್‌ಹೀಲ್ ಹೊಡೆಯೋಕೆ ಹೋಗಿ ಎಡತೊಡೆ ಹಿಂದಿನ ಟೆಂಡನ್ ಹರ್ಕೊಂಡ, ಫಿನ್‌ಲೆಂಡಲ್ಲಿ ಆಪರೇಷನ್ ಆಯ್ತು, ತಿಂಗಳುಗಟ್ಟಲೆ ಹೊರಗೆ ಕೂತ. ಅವನಿಗೆ ಹೀಗಾಗಿದ್ದು ಇಂಥದ್ದೇ ಕಾರಣಕ್ಕೆ ಅಂತ ನಾನು ಹೇಳ್ತಿಲ್ಲ, ಎರಡು ಕಾಲಿನ ಸ್ಕಿಲ್ ಬೇರೆ, ಸ್ನಾಯುಗಳ ಬಲ ಬೇರೆ ಅಂತಷ್ಟೇ.

ಶಾಟ್ ಹೊಡೆಯುವಾಗ ಕಾಲನ್ನ ಮುಂದಕ್ಕೆ ಎಸೆಯೋದು ತೊಡೆ ಮುಂದಿನ ಸ್ನಾಯು, ಹಾಗೆ ಹೋದ ಕಾಲಿಗೆ ಬ್ರೇಕ್ ಹಾಕೋದು ಹಿಂದಿನದು. ಜೋರಾಗಿ ಓಡುವಾಗಲೂ ಪಾದ ನೆಲಕ್ಕೆ ತಾಗೋ ಮುಂಚೆ ಅದೇ ಕಥೆ. ವರ್ಷಗಟ್ಟಲೆ ಒದ್ದು ಒದ್ದು ಇಂಜಿನ್ ದೊಡ್ಡದಾಗತ್ತೆ, ಬ್ರೇಕ್ ಹಳೇದೇ ಉಳಿಯತ್ತೆ. ಮಷಿನಲ್ಲಿ ಅಳೆದ್ರೆ ಹಿಂದಿನ ಬಲ ಮುಂದಿನದರ ಸುಮಾರು 60 ಪರ್ಸೆಂಟಾದ್ರೂ ಇರ್ಬೇಕು ಅನ್ನೋದು ಫಿಸಿಯೋಗಳ ಲೆಕ್ಕ, ಒಂದು ಕಾಲಿಗೂ ಇನ್ನೊಂದಕ್ಕೂ 10-15 ಪರ್ಸೆಂಟ್ ವ್ಯತ್ಯಾಸ ಬಂದ್ರೆ ಎಚ್ಚರ ಅಂತಾರೆ. 2008ರಲ್ಲಿ ಬಂದ ಒಂದು ಸ್ಟಡಿಯಲ್ಲಿ 462 ಪ್ರೊಫೆಷನಲ್ ಆಟಗಾರರನ್ನ ಒಂದು ಸೀಸನ್ ಗಮನಿಸಿದ್ರು, ಇಂಬ್ಯಾಲೆನ್ಸ್ ಇದ್ದೂ ಸರಿ ಮಾಡ್ಕೊಳ್ಳದೋರಲ್ಲಿ 16.5 ಪರ್ಸೆಂಟ್ ಜನಕ್ಕೆ ಹ್ಯಾಮ್‌ಸ್ಟ್ರಿಂಗ್ ಗಾಯ, ಸರಿಯಾಗಿದ್ದೋರಲ್ಲಿ 4.1. ಆಮೇಲೆ ಕತಾರ್ ಲೀಗಿನ ಆಟಗಾರರ ಮೇಲೆ ಮಾಡಿದ ಸ್ಟಡಿಯಲ್ಲಿ ಈ ಸಂಬಂಧ ಇಷ್ಟು ಗಟ್ಟಿಯಾಗಿ ಕಾಣ್ಲಿಲ್ಲ, ಮಷಿನ್ ಟೆಸ್ಟ್ ನೋಡಿ ಇವನಿಗೇ ಗಾಯ ಆಗತ್ತೆ ಅಂತ ಭವಿಷ್ಯ ಹೇಳಕ್ಕಾಗಲ್ಲ ಅನ್ನೋದು ನಿಜ. ಲಕ್ಷಗಟ್ಟಲೆಯ ಮಷಿನ್ ನಮ್ಮ ಅಕಾಡೆಮಿಗಳಿಗೆ ಬೇಕಾಗೂ ಇಲ್ಲ ಬಿಡಿ.

ಬೇಕಾಗಿರೋದು ಆ ಬ್ರೇಕನ್ನ ಗಟ್ಟಿ ಮಾಡೋ ನಾರ್ಡಿಕ್ ಅನ್ನೋ ಒಂದು ಎಕ್ಸರ್‌ಸೈಜ್. ಹುಡುಗ ಮಂಡಿಯೂರಿ ನೆಟ್ಟಗೆ ನಿಲ್ಲೋದು, ಹಿಂದಿಂದ ಇನ್ನೊಬ್ಬ ಎರಡೂ ಪಾದದ ಹರಡು ಒತ್ತಿ ಹಿಡ್ಕೊಳ್ಳೋದು, ಸೊಂಟ ಬಗ್ಗಿಸದೆ ಮೈಯನ್ನ ನಿಧಾನಕ್ಕೆ, ಆದಷ್ಟೂ ತಡೀತಾ ತಡೀತಾ ಮುಂದಕ್ಕೆ ಬಿಡೋದು, ಇನ್ನು ಆಗಲ್ಲ ಅಂದಾಗ ಕೈ ಊರೋದು. ಅಷ್ಟೇ. ಡೆನ್ಮಾರ್ಕಲ್ಲಿ 50 ಟೀಮ್, 942 ಆಟಗಾರರ ಮೇಲೆ ಇದನ್ನ ಪರೀಕ್ಷೆ ಮಾಡಿ 2011ರಲ್ಲಿ ರಿಸಲ್ಟ್ ಕೊಟ್ರು, ಮಾಡಿದ ಗುಂಪಲ್ಲಿ 15 ಗಾಯ, ಮಾಡದ ಗುಂಪಲ್ಲಿ 52.

ಕೋಚ್ ಹತ್ರ ಹೇಳಿದ್ರೆ ಮಾರನೇ ದಿನ ಹುಡುಗರಿಗೆ ತೊಡೆ ನೋಯತ್ತೆ, ಮ್ಯಾಚ್ ಇರತ್ತೆ ಸಾರ್ ಅಂತಾರೆ. ನೋಯತ್ತೆ, ಸುಳ್ಳಲ್ಲ. ಅದಕ್ಕೇ ಡೆನ್ಮಾರ್ಕಿನೋರು ಮೊದಲ ವಾರ ಒಂದೇ ದಿನ, ಐದೈದು ಸಲ ಎರಡೇ ಸೆಟ್ ಮಾಡಿಸಿ ಆಮೇಲೆ ಏರಿಸ್ಕೊಂಡು ಹೋದ್ರು. ಗಾಯ ತಡೆಯೋಕೆ ಅಂತಲೇ ಮಾಡಿರೋ ಫಿಫಾದ 11 ಪ್ಲಸ್ ಅನ್ನೋ ವಾರ್ಮಪ್ಪಲ್ಲೂ ಇದು ಸೇರಿದೆ, ಇಡೀ ವಾರ್ಮಪ್ 20 ನಿಮಿಷ, ಬೇಕಿರೋದು ಒಂದು ಬಾಲ್ ಮಾತ್ರ. ಗ್ರೌಂಡ್ ಸುತ್ತ ಎರಡು ರೌಂಡ್ ಓಡ್ಸಿ ಕೂತ್ಕೊಂಡು ಸ್ಟ್ರೆಚ್ ಮಾಡ್ಸೋದಕ್ಕಿಂತ ಹೆಚ್ಚೇನೂ ಟೈಮ್ ಹಿಡಿಯಲ್ಲ.

ಏಜ್ ಗ್ರೂಪ್ ಲೀಗಿಗೆ ಹುಡುಗರ ವಯಸ್ಸಿನ ದಾಖಲೆ ಕೇಳೋ ಅಸೋಸಿಯೇಷನ್ನೋರು ಅಕಾಡೆಮಿಗಳ ಹತ್ರ ಈ ವಾರ್ಮಪ್ ಮಾಡಿಸ್ತೀರಾ ಅಂತಲೂ ಒಂದು ಮಾತು ಕೇಳ್ಲಿ. ನೀವೂ ಒಂದು ಭಾನುವಾರ ಈ ನಾರ್ಡಿಕ್ ಮಾಡೋ ರೀತಿನ ಫೋಟೋ ಸಮೇತ ಹಾಕಿ, ಕಟ್ ಮಾಡಿ ಅಕಾಡೆಮಿ ನೋಟಿಸ್ ಬೋರ್ಡಿಗೆ ನಾನೇ ಅಂಟಿಸಿ ಬರ್ತೀನಿ.

ಇಂತಿ,
ಒಬ್ಬ ಫುಟ್‌ಬಾಲ್ ಹುಡುಗನ ಅಪ್ಪ, ಬೆಂಗಳೂರು