ಹೊಲದ ಅಳತೆ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಲೀಜಿಗೆ ಹೊಲ ಇದೆ ಅಂತ ಗುಂಪಿನಲ್ಲಿ ಹಾಕುವವರು ಬರೀ ‘ಎರಡು ಕೂರಿಗೆ’ ಅಂತ ಬರೆಯಬೇಡಿ, ಎಕರೆ-ಗುಂಟೆಯನ್ನೂ ಬರೆಯಿರಿ.

ನಮ್ಮ ಕೊಪ್ಪಳದ ಕಡೆ ಹಿರಿಯರಿಗೆ ಕೂರಿಗೆ ಅಂದರೆ ಸಾಕು, ಲೆಕ್ಕ ಸಿಗುತ್ತದೆ. ಬಿತ್ತುವ ಕೂರಿಗೆಯ ಹೆಸರೇ ಅಳತೆಗೂ ಬಂದಿದೆ. ಜೋಡೆತ್ತು ಕಟ್ಟಿ ದಿನಕ್ಕೆ ಎಷ್ಟು ಬಿತ್ತಬಹುದೋ ಅಷ್ಟು ಹೊಲ. ಸುಮಾರು 4 ಎಕರೆ ಅನ್ನುವುದು ರೂಢಿ. ಆದರೆ ಎರೆ (ಕಪ್ಪು ಮಣ್ಣಿನ) ನೆಲವೋ ಮಸಾರಿಯೋ (ಕೆಂಪು ಮಣ್ಣಿನದೋ), ಎತ್ತಿನ ಕಸುವು ಎಷ್ಟೋ, ಅದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ತಕರಾರು ಹುಟ್ಟುವುದೂ ಅಲ್ಲೇ ಅಲ್ವಾ! ಪಹಣಿಯಲ್ಲಿ 40 ಗುಂಟೆಗೆ 1 ಎಕರೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1 ಗುಂಟೆ.

ಅಂದಹಾಗೆ, ಇಂಗ್ಲೆಂಡಿನ ಎಕರೆಯೂ ಮೊದಲು ಎತ್ತು ಕಟ್ಟಿ ದಿನಕ್ಕೆ ಉಳುವಷ್ಟು ನೆಲವೇ ಆಗಿತ್ತು.

ಈಗಾಗಲೇ ಹಾಕಿದವರು ತಿದ್ದಿ ಮತ್ತೆ ಹಾಕಿ.