ಅಕ್ಕನಿಗೆ, ಮಪೂಟೊದಿಂದ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ಊರಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಯಿತಂತೆ. ರಾತ್ರಿ ಜಾಸ್ತಿ ಹೊತ್ತು ಸುಲಿಯಲು ಕೂರಬೇಡ, ಸೊಂಟ ಹಿಡಿದುಕೊಳ್ಳುತ್ತದೆ.

ಇಲ್ಲಿ ಮಪೂಟೊ ನಗರದ ನಡುವಿನ ಸ್ವಾತಂತ್ರ್ಯ ಚೌಕದಲ್ಲಿ ಮೊಜಾಂಬಿಕ್‌ನ ಮೊದಲ ಅಧ್ಯಕ್ಷ ಸಮೋರಾ ಮಶೆಲ್ ಅವರ ದೊಡ್ಡ ಪ್ರತಿಮೆ ಇದೆ. ಅವರ ಹೆಂಡತಿ ಗ್ರಾಸಾ ಮಶೆಲ್ ಬಗ್ಗೆ ನಿನಗೆ ಹೇಳಬೇಕು ಅಂತ ಎಷ್ಟೋ ದಿನದಿಂದ ಇತ್ತು. ಗಂಡ ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1998ರಲ್ಲಿ, ದಕ್ಷಿಣ ಆಫ್ರಿಕಾದ ಅಧ್ಯಕ್ಷ ಮಂಡೇಲಾ ಅವರ ಕೈ ಹಿಡಿದವರು ಇವರೇ. ಎರಡು ದೇಶಗಳ ಅಧ್ಯಕ್ಷರ ಹೆಂಡತಿ ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ಸಾಲದು ಅನ್ನಿಸುತ್ತದೆ.

1945ರಲ್ಲಿ ಇಲ್ಲಿನ ಗಾಜಾ ಪ್ರಾಂತ್ಯದ ಹಳ್ಳಿಯಲ್ಲಿ ಹುಟ್ಟಿದರು. ಕೆಲವೇ ವಾರ ಮೊದಲು ಅಪ್ಪ ತೀರಿಕೊಂಡಿದ್ದರು. ಹುಟ್ಟಲಿರುವ ಮಗುವನ್ನು ಓದಿಸಿ ಅಂತ ಮನೆಯವರಿಂದ ಮಾತು ತೆಗೆದುಕೊಂಡು ಕಣ್ಣು ಮುಚ್ಚಿದರಂತೆ. ಆ ಮಾತನ್ನು ಮನೆಯವರು ಉಳಿಸಿಕೊಂಡರು. ಆಗ ಪೋರ್ಚುಗೀಸರ ಆಳ್ವಿಕೆ. ಕಪ್ಪು ಜನರ ಮಕ್ಕಳಿಗೆ ಹೈಸ್ಕೂಲೇ ದೂರದ ಮಾತು. ಇವರು ಲಿಸ್ಬನ್ ವಿಶ್ವವಿದ್ಯಾಲಯದವರೆಗೂ ಹೋದರು.

ಅದನ್ನು ಓದುವಾಗ ನೀನೇ ಕಣ್ಣೆದುರು ಬಂದೆ ಅಕ್ಕ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಅಡಿಕೆ ಸುಲಿದ ದುಡ್ಡಲ್ಲಿ ನನ್ನ ಕಾಲೇಜು ಫೀಸು ಕಟ್ಟಿದೆ. ಚೊಗರಿನ ಕಪ್ಪು ನಿನ್ನ ಬೆರಳಿಂದ ಯಾವತ್ತೂ ಹೋಗಲಿಲ್ಲ.

1975ರಲ್ಲಿ ದೇಶ ಸ್ವತಂತ್ರವಾದಾಗ ಗ್ರಾಸಾ ಶಿಕ್ಷಣ ಮಂತ್ರಿಯಾದರು. ಇನ್ನೂ ಮೂವತ್ತು ತುಂಬಿರಲಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಓದು ಬರಹ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ದುಪ್ಪಟ್ಟಾದರು. ಆಮೇಲೆ ಅಂತರ್ಯುದ್ಧ ಬಂತು. ಕಟ್ಟಿದ ಶಾಲೆಗಳನ್ನೇ ಬಂಡುಕೋರರು ಸುಟ್ಟರು, ಮಕ್ಕಳ ಕೈಗೆ ಬಂದೂಕು ಕೊಟ್ಟರು. 1986ರಲ್ಲಿ ಗಂಡ ವಿಮಾನ ಅಪಘಾತದಲ್ಲಿ ಹೋದರು. ಆದರೂ ಗ್ರಾಸಾ 1989ರವರೆಗೆ ಮಂತ್ರಿಯಾಗಿ ದುಡಿದರು.

ಮುಂದೆ ವಿಶ್ವಸಂಸ್ಥೆಯವರು ಯುದ್ಧದಲ್ಲಿ ಸಿಕ್ಕಿಕೊಂಡ ಮಕ್ಕಳ ಗತಿ ಏನು ಅಂತ ನೋಡಿ ಬರೆಯಲು ಇವರನ್ನೇ ಕೇಳಿದರು. ಯುದ್ಧ ಕಂಡ ದೇಶಗಳನ್ನು ಸುತ್ತಿ 1996ರಲ್ಲಿ ವರದಿ ಕೊಟ್ಟರು. ಅಂಥ ಮಕ್ಕಳಿಗೋಸ್ಕರವೇ ವಿಶ್ವಸಂಸ್ಥೆ ಒಬ್ಬ ಪ್ರತಿನಿಧಿಯನ್ನು ನೇಮಿಸಿದ್ದು ಆ ವರದಿಯಿಂದ. ತಮ್ಮ ದೇಶದ ಮಕ್ಕಳ ಕೈಯಲ್ಲಿ ಬಂದೂಕು ನೋಡಿದವರು ಅಲ್ವಾ, ಅವರಿಗಿಂತ ಚೆನ್ನಾಗಿ ಬೇರೆ ಯಾರು ಬರೆಯುತ್ತಿದ್ದರು?

ಪುಟ್ಟಿಯ ಪಿಯುಸಿ ಮುಗಿದ ಮೇಲೆ ಸಾಕು ಅಂತ ಭಾವ ಅಂದರಂತೆ. ಬೇಡ ಅಕ್ಕ. ಡಿಗ್ರಿಗೆ ಸೇರಿಸು. ಫೀಸು, ಹಾಸ್ಟೆಲ್ಲು ಎರಡೂ ನನ್ನದು. ಈ ತಿಂಗಳಿಂದಲೇ ದುಡ್ಡು ತೆಗೆದಿಡುತ್ತಿದ್ದೇನೆ. ಭಾವನಿಗೆ ಭಾನುವಾರ ನಾನೇ ಫೋನ್ ಮಾಡುತ್ತೇನೆ.

ನಿನ್ನ ತಂಗಿ