ಯಾವ ಪವರ್, ಯಾರ ಪವರ್?

ಪ್ರೀತಿಯ ತಂಗಿಗೆ,

ನಿನ್ನ ಕರಡು ಓದಿದೆ. ವಿದ್ಯುತ್ತನ್ನು ಕೂಡಿಡುವ ದೊಡ್ಡ ಬ್ಯಾಟರಿಗಳ ಬಗ್ಗೆ ಇಷ್ಟು ಸಲೀಸಾಗಿ ಬರೆದಿದ್ದೀಯ, ಖುಷಿಯಾಯಿತು. ಕೊನೆಯಲ್ಲಿ ಒಂದು ಪ್ರಶ್ನೆ ಹಾಕಿದ್ದೀಯ. 'ಪವರ್'ಗೆ ಸರಿಯಾದ ಕನ್ನಡ ಪದ ಯಾವುದು ಅಂತ. ಒಂದೇ ಪದದಲ್ಲಿ ಉತ್ತರ ಕೊಡಬಹುದಿತ್ತು. ಕೊಡೋದಿಲ್ಲ. ಕರಡಿನಲ್ಲಿರುವ ತೊಂದರೆಯೆಲ್ಲ ಹುಟ್ಟಿದ್ದೇ ಅಂಥ ಉತ್ತರದಿಂದ. ಪವರ್ ಕಂಡಲ್ಲೆಲ್ಲ 'ಶಕ್ತಿ' ಅಂತ ಬರೆದು ಮುಂದೆ ಹೋಗಿದ್ದೀಯ.

ಗೊತ್ತಿಲ್ಲದ ಪದ ಬಂದರೆ ನಾವೆಲ್ಲ ನಿಘಂಟು ತೆಗೆಯುತ್ತೇವೆ. ಪವರ್ ಅಂಥದ್ದಲ್ಲ. ಕರೆಂಟಿಗೂ ಪವರ್, ಕನ್ನಡಕಕ್ಕೂ ಪವರ್, ಕುರ್ಚಿಯಲ್ಲಿ ಕೂತವರಿಗೂ ಪವರ್, ಮಾತ್ರೆಗೂ ಪವರ್. ದಿನಾ ಬಾಯಲ್ಲಿ ಓಡಾಡುವ ಪದ. ಹಾಗಾಗಿ ಯಾರೂ ಅದನ್ನು ತಡೆದು ನಿಲ್ಲಿಸಿ, ಎಲ್ಲಿಂದ ಬಂದೆ ಅಂತ ಕೇಳೋದಿಲ್ಲ.

ನಿನ್ನದೇ ಸಾಲು ತಗೋ: 'ಈ ಬ್ಯಾಟರಿಯಲ್ಲಿ 100 ಮೆಗಾವಾಟ್ ಶಕ್ತಿಯನ್ನು ಸಂಗ್ರಹಿಸಬಹುದು.' ಓದುವುದಕ್ಕೆ ಚೆನ್ನಾಗಿದೆ. ಆದರೆ ಮೆಗಾವಾಟನ್ನು ಯಾರೂ ಸಂಗ್ರಹಿಸಲಾರರು. ಭೌತಶಾಸ್ತ್ರದಲ್ಲಿ ಪವರ್ ಅಂದರೆ ಕೆಲಸ ನಡೆಯುವ ವೇಗ. ಅರವತ್ತು ಕಿಲೋ ತೂಗುವ ಒಬ್ಬರು ಮೂರು ಮೀಟರ್ ಎತ್ತರದ ಮೆಟ್ಟಿಲು ಹತ್ತಿದರು ಅಂತಿಟ್ಟುಕೋ. ಭೂಮಿಯ ಸೆಳೆತದ ವಿರುದ್ಧ ಅವರು ಮಾಡಿದ ಕೆಲಸ ಸುಮಾರು 1,760 ಜೂಲ್. ಓಡಿ ಹತ್ತಿದರೂ ಅಷ್ಟೇ, ನಿಂತು ನಿಂತು ಹತ್ತಿದರೂ ಅಷ್ಟೇ. ಆದರೆ 6 ಸೆಕೆಂಡಿನಲ್ಲಿ ಹತ್ತಿದರೆ ಪವರ್ 300 ವಾಟ್ ಹತ್ತಿರ, 30 ಸೆಕೆಂಡ್ ತಗೊಂಡರೆ 60 ವಾಟ್ ಹತ್ತಿರ. ಖರ್ಚಾದದ್ದು ಶಕ್ತಿ, ಇಂಗ್ಲಿಷಿನಲ್ಲಿ ಎನರ್ಜಿ ಅನ್ನುವುದು. ಎಷ್ಟು ಬೇಗ ಖರ್ಚಾಯಿತು ಅನ್ನೋದು ಪವರ್. ವಿದ್ಯುತ್ತಿನಲ್ಲೂ ಇದೇ ಲೆಕ್ಕ. 1,000 ವಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಕಿಲೋವಾಟ್ ಅವರ್, ಅಂದರೆ ನಾವು ಯೂನಿಟ್ ಅನ್ನುವುದು. ವಾಟ್ ವೇಗದ ಅಳತೆ, ಯೂನಿಟ್ ಒಟ್ಟು ಬಳಕೆಯ ಅಳತೆ.

ಅದಕ್ಕೇ ದೊಡ್ಡ ಬ್ಯಾಟರಿಗಳ ಬಗ್ಗೆ ಬರೆಯುವಾಗ ಎರಡು ಅಂಕಿ ಬೇಕು. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್ ಬ್ಯಾಟರಿ 2017ರಲ್ಲಿ ಶುರುವಾದಾಗ ಅದರ ಅಂಕಿಗಳು 100 ಮೆಗಾವಾಟ್, 129 ಮೆಗಾವಾಟ್ ಅವರ್. ಅಂದರೆ ಪೂರ್ತಿ ವೇಗದಲ್ಲಿ ವಿದ್ಯುತ್ ಬಿಟ್ಟರೆ ಒಂದೂಕಾಲು ಗಂಟೆ ಚಿಲ್ಲರೆ ಬಾಳುತ್ತದೆ. ಓದುಗರಿಗೆ ಬೇಕಾಗಿರುವ ಮಾತು ಇದು. ನೀನು ಒಂದೇ ಅಂಕಿ ಕೊಟ್ಟು, ಅದಕ್ಕೆ ಶಕ್ತಿ ಅಂತ ಹೆಸರಿಟ್ಟು, ಈ ಮಾತನ್ನೇ ನುಂಗಿಬಿಟ್ಟಿದ್ದೀಯ.

ಪಠ್ಯಪುಸ್ತಕದಲ್ಲಿ ಪವರ್‌ಗೆ 'ಸಾಮರ್ಥ್ಯ' ಅಂತ ಇದೆಯಲ್ಲ, ಅದನ್ನೇ ಹಾಕುತ್ತೇನೆ ಅಂತ ನೀನು ಹೇಳಬಹುದು. ಹಾಕು, ತಪ್ಪೇನಿಲ್ಲ. ಆದರೆ 'ಬ್ಯಾಟರಿಯ ಸಾಮರ್ಥ್ಯ' ಅಂತ ಓದಿದವರಿಗೆ ಏನು ಹೊಳೆಯುತ್ತದೆ? ಅದರಲ್ಲಿ ಎಷ್ಟು ಹಿಡಿಯುತ್ತದೆ ಅನ್ನೋದು. ಬೇಡ ಅಂದುಕೊಂಡ ಅರ್ಥವೇ ಹಿಂಬಾಗಿಲಿಂದ ಒಳಗೆ ಬಂತು, ಅಲ್ವಾ? ಇಂಥ ಕಡೆ ಪದ ಬದಲಿಸಿದರೆ ಸಾಲದು. 'ಒಂದೇ ಹೊತ್ತಿಗೆ ಎಷ್ಟು ಕೊಡಬಲ್ಲದು, ಹಾಗೆ ಎಷ್ಟು ಹೊತ್ತು ಕೊಡಬಲ್ಲದು' ಅಂತ ಬಿಡಿಸಿ ಬರಿ. ಎರಡು ಪದ ಜಾಸ್ತಿ ಆದರೆ ಆಗಲಿ. ಅಂದ ಹಾಗೆ, ಈ ಗೊಂದಲ ಕನ್ನಡದ್ದು ಮಾತ್ರ ಅಲ್ಲ. ಫೋನಿಗೆ ಚಾರ್ಜ್ ಕೊಡುವ 'ಪವರ್ ಬ್ಯಾಂಕ್' ಕೂಡಿಡುವುದು ಪವರನ್ನಲ್ಲ, ಎನರ್ಜಿಯನ್ನು. ಹೆಸರಿಟ್ಟವರು ಇಂಗ್ಲಿಷ್ ಬಲ್ಲವರೇ!

ಹಾಗಂತ ಎಲ್ಲ ಕಡೆ ಶುದ್ಧಿ ಮಾಡಲು ಹೊರಡಬೇಡ. ಹಾರ್ಸ್ ಪವರ್‌ಗೆ ಅಶ್ವಶಕ್ತಿ ಅಂತ ಬಹಳ ಹಿಂದೆಯೇ ಹೆಸರು ಬಿದ್ದಿದೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳನ್ನು ಕುದುರೆಗಳಿಗೆ ಹೋಲಿಸಲು ಹಾಕಿದ ಲೆಕ್ಕ ಅದು. ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ (ಒಂದು ಪೌಂಡ್ ತೂಕವನ್ನು ಒಂದು ಅಡಿ ಎತ್ತಿದರೆ ಒಂದು ಅಡಿ-ಪೌಂಡ್), ಈಗಿನ ಲೆಕ್ಕದಲ್ಲಿ ಸುಮಾರು 746 ವಾಟ್. ಸಮಯ ಲೆಕ್ಕಕ್ಕೆ ಬಂದಿರುವುದರಿಂದ ಇದು ಅಪ್ಪಟ ಪವರ್, ಶಕ್ತಿಯಲ್ಲ. ಆದರೂ 'ಅಶ್ವಸಾಮರ್ಥ್ಯ' ಅಂತ ಬರೆದರೆ ಜನ ನಗುತ್ತಾರೆ, ನಗಲೂಬೇಕು. ರೂಢಿಗೆ ಬಂದ ಪದದ ಜೊತೆ ಜಗಳಕ್ಕೆ ನಿಲ್ಲಬೇಡ.

ಕನ್ನಡಕದ ವಿಷಯ ಇನ್ನೂ ಮಜಾ ಇದೆ. ಕಣ್ಣು ಮಂಜಾಗುತ್ತಾ ಹೋದಂತೆ 'ಪವರ್ ಜಾಸ್ತಿ ಆಗಿದೆ' ಅನ್ನುತ್ತೇವೆ. ಜಾಸ್ತಿಯಾದದ್ದು ಕಣ್ಣಿನದಲ್ಲ, ಗಾಜಿನದು. ಮಸೂರ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನೋದರ ಅಳತೆ ಅದು, ಡಯಾಪ್ಟರ್‌ನಲ್ಲಿ. ನಾಭಿದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಮಸೂರ ಒಂದೆಡೆ ಸೇರಿಸುವ ಜಾಗಕ್ಕಿರುವ ದೂರ, ಅರ್ಧ ಮೀಟರ್ ಇದ್ದರೆ ಪವರ್ 2, ಕಾಲು ಮೀಟರ್ ಇದ್ದರೆ 4. ಮೈನಸ್ ಇದ್ದರೆ ಬೆಳಕನ್ನು ಹರಡುವ ಗಾಜು ಅಂತ ಅರ್ಥ, ಪವರ್ ಕಡಿಮೆ ಅಂತಲ್ಲ. ಇಲ್ಲಿ ವಾಟೂ ಇಲ್ಲ, ಕೆಲಸವೂ ಇಲ್ಲ, ಸಮಯವೂ ಇಲ್ಲ. ಹೆಸರೊಂದೇ ಸಮ.

ಗಣಿತದ ಪವರ್ ಬೇರೆ ಊರಿನದು. ಎರಡರ ಪವರ್ ಹತ್ತು ಅಂದರೆ ಹತ್ತು ಎರಡುಗಳನ್ನು ಗುಣಿಸು, 1,024 ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಘಾತ. ಪೆಟ್ಟು ಅನ್ನುವ ಅರ್ಥದ ಪದ ಇಲ್ಲಿಗೆ ಯಾಕೆ ಬಂತು ಅಂತ ಮಕ್ಕಳು ಕೇಳುತ್ತಾರೆ. ನಮ್ಮ ಹಳೆಯ ಸಂಸ್ಕೃತ ಗಣಿತದಲ್ಲಿ ಗುಣಿಸುವುದಕ್ಕೆ ಹನನ, ವಧ ಅಂತೆಲ್ಲ ಹೇಳುತ್ತಿದ್ದರು. ಘಾತವೂ ಅದೇ ಬಳಗದ್ದು. ಇದನ್ನು ಎಲ್ಲಾದರೂ ಬಳಸಿಕೋ, ಓದುಗರು ಮರೆಯೋದಿಲ್ಲ.

ನೀನು ಮುಂದೆ ಆರೋಗ್ಯದ ಬಗ್ಗೆ ಬರೆಯಬೇಕು ಅಂತಿದ್ದೀಯಲ್ಲ, ಅಲ್ಲಿ ಕಾದು ಕೂತಿರುವ ಪವರ್ ಎಲ್ಲಕ್ಕಿಂತ ಅಪಾಯದ್ದು. ಸಂಖ್ಯಾಶಾಸ್ತ್ರದ ಪವರ್ ಅದು. ಔಷಧಿಯ ಅಧ್ಯಯನದ ವರದಿಯಲ್ಲಿ 'ಪವರ್ 80 ಪರ್ಸೆಂಟ್' ಅಂತ ಇರುತ್ತದೆ. ಔಷಧಿ ನೂರರಲ್ಲಿ ಎಂಬತ್ತು ಜನಕ್ಕೆ ಕೆಲಸ ಮಾಡುತ್ತದೆ ಅಂತ ಬರೆದುಬಿಟ್ಟೀಯ, ಜೋಕೆ. ಅದರ ಅರ್ಥ ಬೇರೆ. ಔಷಧಿಗೆ ನಿಜಕ್ಕೂ ಅವರು ಅಂದುಕೊಂಡಷ್ಟು ಪರಿಣಾಮ ಇದ್ದರೆ, ಈ ಅಧ್ಯಯನಕ್ಕೆ ಅದು ಸಿಕ್ಕಿಬೀಳುವ ಸಾಧ್ಯತೆ 80 ಪರ್ಸೆಂಟ್. ಪವರ್ ಇರುವುದು ಔಷಧಿಗಲ್ಲ, ಅಧ್ಯಯನಕ್ಕೆ. ಈ ಪದವನ್ನು ಈ ಅರ್ಥಕ್ಕೆ ತಂದವರು 1930ರ ದಶಕದಲ್ಲಿ ಯೆರ್ಜಿ ನೇಮನ್ ಮತ್ತು ಎಗಾನ್ ಪಿಯರ್ಸನ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು. ಕೆಲವೇ ಜನರ ಮೇಲೆ ಮಾಡಿದ ಅಧ್ಯಯನದ ಪವರ್ ಸಾಮಾನ್ಯವಾಗಿ ಕಡಿಮೆ. ಅದು 'ಪರಿಣಾಮ ಕಾಣಲಿಲ್ಲ' ಅಂದರೆ ಪರಿಣಾಮ ಇಲ್ಲ ಅಂತಲ್ಲ, ಇದ್ದರೂ ಅದರ ಕಣ್ಣಿಗೆ ಬಿದ್ದಿಲ್ಲದಿರಬಹುದು. ಈ ಒಂದು ವ್ಯತ್ಯಾಸ ತಪ್ಪಿದರೆ ಓದಿದವರು ಮಾತ್ರೆ ಬಿಟ್ಟುಬಿಡಬಹುದು, ಬೇಡದ್ದನ್ನು ನುಂಗಬಹುದು.

ಉಳಿದವು ಅಷ್ಟು ಕಷ್ಟ ಇಲ್ಲ. ಪವರ್ ಆಫ್ ಅಟಾರ್ನಿ ಅಂದರೆ ನಿನ್ನ ಪರವಾಗಿ ಸಹಿ ಹಾಕಲು, ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಬರೆದುಕೊಡುವ ಹಕ್ಕು. ಆ ಇನ್ನೊಬ್ಬರು ವಕೀಲರೇ ಆಗಬೇಕಿಲ್ಲ. ರಾಜಕೀಯದಲ್ಲಿ ಅಧಿಕಾರ ಅಂದರೆ ಆಯಿತು, ಆದರೆ 'ಗ್ರೇಟ್ ಪವರ್ಸ್' ಅಂದಾಗ ದೇಶಗಳೇ ಪವರ್. 'ಪವರ್‌ಪ್ಲೇ' ಕ್ರಿಕೆಟ್‌ನಲ್ಲಿ ವೃತ್ತದ ಹೊರಗೆ ಫೀಲ್ಡರ್‌ಗಳು ಕಡಿಮೆ ಇರುವ ಓವರುಗಳು. ಐಸ್ ಹಾಕಿಯಲ್ಲಿ ಎದುರು ತಂಡದವರೊಬ್ಬರು ಶಿಕ್ಷೆಯಾಗಿ ಹೊರಗೆ ಕೂತಿರುವ ಹೊತ್ತು. ಕಚೇರಿಯಲ್ಲಿ ಅದರ ಅರ್ಥ ನಿನಗೆ ನಾನು ಹೇಳಬೇಕಿಲ್ಲ.

ಹಾಗಾದರೆ ಬರೆಯುವಾಗ ಏನು ಮಾಡೋದು? ನಾನು ಮಾಡುವುದು ಇಷ್ಟು. ಪವರ್ ಕಂಡ ಕೂಡಲೇ ಪದ ಹುಡುಕೋದಿಲ್ಲ. ಇಲ್ಲಿ ಯಾರು, ಏನು ಮಾಡುತ್ತಿದ್ದಾರೆ ಅಂತ ನೋಡುತ್ತೇನೆ. ಬಗ್ಗಿಸುತ್ತಿದೆಯಾ, ಕೊಡುತ್ತಿದೆಯಾ, ಗುಣಿಸುತ್ತಿದೆಯಾ, ಹಿಡಿಯುತ್ತಿದೆಯಾ, ಆಳುತ್ತಿದೆಯಾ? ಆ ಕ್ರಿಯೆ ಸಿಕ್ಕಿದರೆ ಎಷ್ಟೋ ಸಲ ನಾಮಪದವೇ ಬೇಡವಾಗುತ್ತದೆ. 'ಹೆಚ್ಚು ಸಾಮರ್ಥ್ಯದ ಮಸೂರ' ಹೋಗಿ 'ಬೆಳಕನ್ನು ಜಾಸ್ತಿ ಬಗ್ಗಿಸುವ ಮಸೂರ' ಬರುತ್ತದೆ. ಕನ್ನಡ ಇಂಥ ಸಾಲುಗಳಲ್ಲಿ ಆರಾಮಾಗಿ ಉಸಿರಾಡುತ್ತದೆ. ಕ್ರಿಯೆ ಸಿಗದಿದ್ದರೆ ಅಳತೆ ನೋಡು. ವಾಟ್ ಇದೆಯಾ, ಡಯಾಪ್ಟರ್ ಇದೆಯಾ, ಪರ್ಸೆಂಟ್ ಇದೆಯಾ? ಯಾವುದೂ ಇಲ್ಲದಿದ್ದರೆ ಬಹುಶಃ ಮನುಷ್ಯರ ವಿಷಯ ಇರಬೇಕು.

ಪವರ್ ಅಂತಲೇ ಬಿಡಬೇಕಾದ ಕಡೆ ಸಂಕೋಚ ಬೇಡ. ಕನ್ನಡಕದ ಪವರನ್ನು ಓದುಗರೇ ಪವರ್ ಅನ್ನುವಾಗ ಸುಮ್ನೆ ಬೇರೆ ಹೆಸರಿಟ್ಟು ಅವರನ್ನು ತಡವರಿಸುವಂತೆ ಮಾಡೋದು ಯಾಕೆ? ಒಂದೇ ಲೇಖನದಲ್ಲಿ ಎರಡು ಪವರ್ ಬಂದರೆ ಮಾತ್ರ ಹುಷಾರು. ಎರಡನೆಯದು ಬರುವ ಸಾಲಿನಲ್ಲೇ, ಇದು ಬೇರೆ ಪವರ್ ಅಂತ ಗೊತ್ತಾಗುವ ಹಾಗೆ ಬರಿ. ಮುಂದಿನ ಪ್ಯಾರಾದಲ್ಲಿ ವಿವರಿಸಿದರೆ ತಡವಾಯಿತು, ಅಷ್ಟರಲ್ಲಿ ಓದುಗರು ಹಳೆಯ ಅರ್ಥ ಹಿಡಿದುಕೊಂಡು ಮುಂದೆ ಹೋಗಿರುತ್ತಾರೆ.

ಕರಡಿನಲ್ಲಿ ಶಕ್ತಿ ಬಂದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ. ಎಲ್ಲವೂ ತಪ್ಪಲ್ಲ. 'ಸೂರ್ಯನ ಶಕ್ತಿ' ಹಾಗೇ ಇರಲಿ. ಮೂರನೆಯ ಪುಟದ ಪಟ್ಟಿಯಲ್ಲಿ ಮೆಗಾವಾಟ್ ಪಕ್ಕ ಇನ್ನೊಂದು ಕಾಲಂ ಸೇರಿಸಿ ಮೆಗಾವಾಟ್ ಅವರ್ ಹಾಕು, ಆಮೇಲೆ ಅದರ ಕೆಳಗಿನ ಎರಡು ಪ್ಯಾರಾ ತಾವೇ ಚಿಕ್ಕದಾಗುತ್ತವೆ. ತಿದ್ದಿದ ಮೇಲೆ ಕಳಿಸು.

ಇಂತಿ,
ನಿನ್ನ ಅಣ್ಣ